ಕಂಚಿನ ಕಂಠ ಎಂದು ಬರೆದ ಮೇಲೆ

(ಮೈಸೂರಿನಲ್ಲಿ ಸಂಗೀತಾಸಕ್ತರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ನಡುನಡುವೆ ಧ್ವನಿಮುದ್ರಣ ಕೇಳಿಸಿದ್ದೆ. ಇಲ್ಲಿ ಆ ಜಾಗಗಳಲ್ಲಿ ಒಂದೆರಡು ವಾಕ್ಯ ಹೆಚ್ಚಿಗೆ ಸೇರಿಸಿದ್ದೇನೆ.)

ಸಂಗೀತದ ಬಗ್ಗೆ ಮಾತಾಡಲು ಕರೆದಿದ್ದೀರಿ, ನಾನು ನಾಟಕದ ಕಥೆಯಿಂದ ಶುರು ಮಾಡುತ್ತೇನೆ. ಪ್ರಾಯದಲ್ಲಿ ನಾನು ಪತ್ರಿಕೆಯೊಂದಕ್ಕೆ ವಾರಕ್ಕೊಂದು ನಾಟಕ ವಿಮರ್ಶೆ ಬರೆಯುತ್ತಿದ್ದೆ. ಮುನ್ನೂರು ಪದದ ಜಾಗ. ರಾತ್ರಿ ಹತ್ತೂವರೆಗೆ ನಾಟಕ ಮುಗಿದರೆ ಹನ್ನೊಂದೂವರೆಯೊಳಗೆ ಬರಹ ಸಂಪಾದಕರ ಮೇಜಿನ ಮೇಲಿರಬೇಕು. ಒಮ್ಮೆ ಕಂಪನಿ ನಾಟಕದ ಹಿರಿಯ ನಟರೊಬ್ಬರ ದುರ್ಯೋಧನನನ್ನು ನೋಡಿ ಬಂದು, ‘ತಮ್ಮ ಕಂಚಿನ ಕಂಠದಿಂದ ಪಾತ್ರಕ್ಕೆ ಜೀವ ತುಂಬಿದರು’ ಎಂದು ಬರೆದೆ. ಮೂರನೇ ದಿನ ಅವರು ಎದುರಿಗೇ ಸಿಕ್ಕರು. ಖುಷಿಯಾಗಿರುತ್ತಾರೆ ಎಂದುಕೊಂಡೆ. ‘ಕಂಚು ಎಂದು ಬರೆದಿದ್ದೀರಲ್ಲ ಸ್ವಾಮಿ, ಯಾವ ಮಾತಿನಲ್ಲಿ ಕೇಳಿಸಿತು? ಹೇಳಿದರೆ ನಾಳೆಯೂ ಅಲ್ಲಿ ಹಾಗೇ ಹೇಳುತ್ತೇನೆ’ ಎಂದರು. ನನಗೆ ಒಂದು ಮಾತೂ ನೆನಪಿರಲಿಲ್ಲ. ನಾಟಕ ನೋಡುವ ಮೊದಲೇ ‘ಕಂಚಿನ ಕಂಠ’ ನನ್ನ ಜೇಬಿನಲ್ಲಿತ್ತು. ಪಾತ್ರಕ್ಕೆ ಜೀವ ತುಂಬುವುದು, ಪರಕಾಯ ಪ್ರವೇಶ ಮಾಡುವುದು, ಪ್ರೇಕ್ಷಕರ ಮನಸೂರೆಗೊಳ್ಳುವುದು, ಇವೆಲ್ಲವೂ ಅದೇ ಜೇಬಿನಲ್ಲಿದ್ದವು.

ಇವತ್ತು ನಾನು ಹೇಳಬೇಕೆಂದಿರುವುದು ಹೊಗಳಿಕೆಯ ಬಗ್ಗೆ. ತೆಗಳಿಕೆಯ ಬಗ್ಗೆ ಎಲ್ಲರೂ ಎಚ್ಚರದಿಂದಿರುತ್ತಾರೆ, ಸಾಕ್ಷ್ಯ ಕೇಳುತ್ತಾರೆ, ಸಿಟ್ಟಿನಿಂದ ಪತ್ರ ಬರೆಯುತ್ತಾರೆ. ಹೊಗಳಿಕೆಗೆ ಯಾರೂ ಸಾಕ್ಷ್ಯ ಕೇಳುವುದಿಲ್ಲ, ಆ ದುರ್ಯೋಧನನ ಹೊರತು. ಒಬ್ಬ ಗಾಯಕನ ರಂಗಪ್ರದರ್ಶನವನ್ನು ಲೋಕವೆಲ್ಲ ಹೊಗಳಿತು. ಹೊಗಳಿದ್ದು ಏನನ್ನು? ಅದನ್ನು ನೋಡಲು ನಾನು ಆರಿಸಿಕೊಂಡಿರುವುದು ಸೈಬೀರಿಯದ ಒಪೆರಾ ಗಾಯಕ ದ್ಮಿತ್ರಿ ಹ್ವೊರೊಸ್ತೊವ್ಸ್ಕಿ ಅವರನ್ನು. ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ. ಹೆಸರು ನಾಲಿಗೆಗೆ ಕಷ್ಟ. ನನಗೂ ಸರಿಯಾಗಿ ಬರಲು ಒಂದು ವಾರ ಹಿಡಿಯಿತು.

ಮೈಸೂರಿನಲ್ಲಿ ಒಪೆರಾ ಮಾತೇಕೆ ಎಂದು ಕೇಳುವವರಿಗೆ ಒಂದು ಸಣ್ಣ ಉತ್ತರವಿದೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಹಾಡಿಸಿಕೊಂಡಾಗ ಅದರ ಹಣದ ಹೊಣೆ ಹೊತ್ತವರು ಜಯಚಾಮರಾಜ ಒಡೆಯರು. ರಷ್ಯಾದ ಸಂಗೀತಕಾರ ಮೆಟ್ನರ್ ಮುಪ್ಪಿನಲ್ಲಿ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಿದ್ದೂ ಇದೇ ಊರಿನ ದುಡ್ಡಿನಲ್ಲಿ. ಇನ್ನು ವಿಷಯಕ್ಕೆ ಬರುತ್ತೇನೆ.

ಹ್ವೊರೊಸ್ತೊವ್ಸ್ಕಿ ಅವರದು ಬ್ಯಾರಿಟೋನ್ ಧ್ವನಿ. ಬ್ಯಾರಿಟೋನ್ ಎಂದರೆ ಗಂಡು ಧ್ವನಿಗಳಲ್ಲಿ ನಡುವಿನದು. ಮೇಲೆ ಟೆನರ್, ಕೆಳಗೆ ಬಾಸ್. ‘ಭಾರವಾದ ನಾದ’ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಒಪೆರಾದಲ್ಲಿ ಪ್ರೀತಿ ಸಾಮಾನ್ಯವಾಗಿ ಟೆನರ್‌ಗೆ ದಕ್ಕುತ್ತದೆ. ಬ್ಯಾರಿಟೋನ್‌ಗೆ ಉಳಿಯುವುದು ಖಳ, ತಂದೆ, ಗೆಳೆಯ, ಇಲ್ಲವೇ ಕೈಗೂಡದ ಪ್ರೇಮಿ. ಹೀಗೆ ಎರಡನೇ ಸಾಲಿನಲ್ಲಿದ್ದವನನ್ನು ನಡುರಂಗಕ್ಕೆ ಎಳೆದು ತಂದವರು ಇಟಲಿಯ ಜ್ಯುಸೆಪ್ಪೆ ವೆರ್ದಿ. 1851ರ ‘ರಿಗೊಲೆಟ್ಟೊ’ದಲ್ಲಿ ಗೂನುಬೆನ್ನಿನ ವಿದೂಷಕನೇ ನಾಯಕ. ವೆರ್ದಿ ಈ ಧ್ವನಿಯನ್ನು ಅದರ ಸಹಜ ನೆಲೆಗಿಂತ ಮೇಲಕ್ಕೆ ತಳ್ಳಿ, ಅಲ್ಲೇ ಬಹಳ ಹೊತ್ತು ನಿಲ್ಲಿಸುತ್ತಾರೆ. ಅಲ್ಲಿ ನಿಂತು ದಣಿಯದೆ ಹಾಡಬಲ್ಲವನಿಗೆ ‘ವೆರ್ದಿ ಬ್ಯಾರಿಟೋನ್’ ಎಂಬ ಪದವಿ. ಈ ಪದವಿಯನ್ನು ಕೊಡುವುದರಲ್ಲಿ ವಿಮರ್ಶಕರು ಬಲು ಜಿಪುಣರು.

ಇನ್ನೊಂದು ಸಂಗತಿ ಮನಸ್ಸಿನಲ್ಲಿರಲಿ. ಅಲ್ಲಿ ಮೈಕ್ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಚಿಕ್ಕದಾಗಿ ‘ಮೆಟ್’) ಸುಮಾರು 3,800 ಆಸನಗಳಿವೆ. ಗಾಯಕನ ಮುಂದೆ ತಗ್ಗಿನಲ್ಲಿ ದೊಡ್ಡ ವಾದ್ಯವೃಂದ ಕೂತಿರುತ್ತದೆ. ಅದನ್ನು ದಾಟಿ ಕೊನೆಯ ಸಾಲಿಗೆ ಒಂದೇ ಗಂಟಲು ತಲುಪಬೇಕು. ಇದು ಗದ್ದಲದಿಂದ ಆಗುವ ಕೆಲಸವಲ್ಲ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ ಇದನ್ನು ಅಳೆದು ತೋರಿಸಿದರು. ವಾದ್ಯವೃಂದದ ಸದ್ದಿನ ಬಲವೆಲ್ಲ ಸುಮಾರು 500 ಹರ್ಟ್ಸ್‌ನ ಆಸುಪಾಸಿನಲ್ಲಿ ಗುಂಪುಗೂಡಿರುತ್ತದೆ. ಪಳಗಿದ ಗಂಡು ಗಾಯಕ ಗಂಟಲಿನ ಕೆಳಭಾಗವನ್ನು ಹದಗೊಳಿಸಿಕೊಂಡು 3,000 ಹರ್ಟ್ಸ್‌ನ ಹತ್ತಿರ ಒಂದು ಹೊಳಪನ್ನು ಎಬ್ಬಿಸುತ್ತಾನೆ. ಅಲ್ಲಿ ವಾದ್ಯಗಳು ದುರ್ಬಲ, ಆದ್ದರಿಂದ ಧ್ವನಿ ಸಂದಿಯಲ್ಲಿ ನುಸುಳಿ ಬರುತ್ತದೆ. ಇಟಲಿಯ ವಿಮರ್ಶಕರು ‘ಸ್ಕ್ವಿಲ್ಲೊ’ ಎಂದು ಬರೆಯುವುದು ಬಹುಮಟ್ಟಿಗೆ ಇದನ್ನೇ. ಆ ಮಾತಿಗೆ ಗಂಟೆಯ ನಾದ ಎಂಬರ್ಥವಿದೆ. ನಮ್ಮ ‘ಕಂಚು’ ಹುಟ್ಟಿದ್ದೂ ಇಂಥದೇ ಅನುಭವದಿಂದ ಇರಬೇಕು. ಕಂಚು ಎಂದರೆ ಗಂಟೆ ತಾನೇ? ಪದದಲ್ಲಿ ತಪ್ಪಿಲ್ಲ. ಕೇಳದೆ ಬರೆದ ನನ್ನಲ್ಲಿ ತಪ್ಪು.

ಹ್ವೊರೊಸ್ತೊವ್ಸ್ಕಿ ಹುಟ್ಟಿದ್ದು 1962ರ ಅಕ್ಟೋಬರ್ 16ರಂದು, ಸೈಬೀರಿಯದ ಕ್ರಾಸ್ನೊಯಾರ್ಸ್ಕ್‌ನಲ್ಲಿ. ತಂದೆ ಎಂಜಿನಿಯರ್, ಪಿಯಾನೊ ನುಡಿಸುತ್ತಿದ್ದರು, ಹಾಡುತ್ತಿದ್ದರು. ಮನೆಯಲ್ಲಿ ಹಳೆಯ ಗಾಯಕರ ರೆಕಾರ್ಡುಗಳಿದ್ದವು. ಹುಡುಗ ಸ್ವಲ್ಪ ಕಾಲ ರಾಕ್ ತಂಡದಲ್ಲಿ ಹಾಡಿ, ಆಮೇಲೆ ಎಕಟೆರಿನಾ ಇಯೋಫೆಲ್ ಎಂಬ ಗುರುವಿನ ಕೈಗೆ ಸಿಕ್ಕಿಬಿದ್ದ. 1989ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಡೆದ ಗಾಯನ ಸ್ಪರ್ಧೆಗೆ ಹೋದಾಗ ಅವರಿಗೆ 26 ವರ್ಷ. ಎದುರಾಳಿ ಅದೇ ನೆಲದ ಹುಡುಗ ಬ್ರಿನ್ ಟೆರ್ಫೆಲ್. ಇಬ್ಬರೂ ಮುಂದೆ ಲೋಕಪ್ರಸಿದ್ಧರಾದರು, ಹಾಗಾಗಿ ಆ ರಾತ್ರಿಯನ್ನು ಇಂದಿಗೂ ಬ್ಯಾರಿಟೋನ್‌ಗಳ ಕಾಳಗ ಎಂದೇ ಕರೆಯುತ್ತಾರೆ. ಗೆದ್ದದ್ದು ಸೈಬೀರಿಯದವರು. ಟೆರ್ಫೆಲ್‌ಗೆ ಗೀತಗಾಯನದ ಬಹುಮಾನ ಬಂತು. ಅಂದು ಹ್ವೊರೊಸ್ತೊವ್ಸ್ಕಿ ಹಾಡಿದವುಗಳಲ್ಲಿ ವೆರ್ದಿಯ ‘ದೊನ್ ಕಾರ್ಲೊ’ದಿಂದ ರೊದ್ರಿಗೊನ ಸಾವಿನ ಹಾಡೂ ಒಂದು. ಇದು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಆಮೇಲೆ ಏನಾಯಿತು? ಅವರ ಕೂದಲು ಬೆಳ್ಳಗಾಯಿತು. ನಗಬೇಡಿ. ಮೂವತ್ತರ ಆಸುಪಾಸಿಗೇ ತಲೆ ಬೆಳ್ಳಿಯಾಯಿತು, ಮುಖ ಯೌವನದ್ದೇ ಉಳಿಯಿತು. 1991ರಲ್ಲಿ ಅಮೆರಿಕದ ಜನಪ್ರಿಯ ವಾರಪತ್ರಿಕೆಯೊಂದು ಜಗತ್ತಿನ ಐವತ್ತು ಸುಂದರರ ಪಟ್ಟಿಯಲ್ಲಿ ಅವರನ್ನು ಸೇರಿಸಿತು. ‘ಒಪೆರಾದ ಎಲ್ವಿಸ್’ ಎಂದರು, ‘ಸೈಬೀರಿಯದ ಹುಲಿ’ ಎಂದರು. ಅಲ್ಲಿಂದ ಮುಂದೆ ಕೂದಲನ್ನು ದಾಟಿ ಧ್ವನಿಗೆ ಬರುವ ಹೊತ್ತಿಗೆ ಅನೇಕ ವಿಮರ್ಶೆಗಳಲ್ಲಿ ಅರ್ಧ ಜಾಗ ಮುಗಿದಿರುತ್ತದೆ. ನಮ್ಮಲ್ಲಿ ಗಾಯಕರನ್ನು ಅಳೆಯಲು ಎರಡು ಮಾತಿವೆಯಲ್ಲ, ಶರೀರ ಮತ್ತು ಶಾರೀರ. ಒಂದು ದೀರ್ಘ ಇದ್ದರೆ ಧ್ವನಿ, ಇಲ್ಲದಿದ್ದರೆ ಮೈ. ಇವರ ಬಗ್ಗೆ ಬರೆದವರಲ್ಲಿ ಬಹಳ ಮಂದಿ ಆ ದೀರ್ಘವನ್ನು ಮರೆತರು.

ಹಾಗೆಂದು ಶರೀರವನ್ನು ಹೊಗಳಲೇಬಾರದು ಎನ್ನುತ್ತಿಲ್ಲ. ಒಪೆರಾ ನಾಟಕವೂ ಹೌದು. ಆದರೆ ಹೊಗಳುವುದಾದರೆ ಮೈ ಏನು ಮಾಡಿತು ಎಂದು ಹೇಳಬೇಕು. ಒಂದು ಉದಾಹರಣೆ. 2007ರ ಫೆಬ್ರವರಿಯಲ್ಲಿ ಮೆಟ್‌ನಲ್ಲಿ ಚೈಕೊವ್ಸ್ಕಿಯ ‘ಯೆವ್ಗೆನಿ ಒನೇಗಿನ್’. ರಾಬರ್ಟ್ ಕಾರ್ಸೆನ್ ಅವರ ರಂಗನಿರ್ದೇಶನ, ವಾಲೆರಿ ಗೆರ್ಗಿಯೆವ್ ಸಂಗೀತ ನಿರ್ದೇಶನ, ಟಟ್ಯಾನಾ ಆಗಿ ರೆನೆ ಫ್ಲೆಮಿಂಗ್. ಈ ಪ್ರದರ್ಶನ ಚಿತ್ರಮಂದಿರಗಳಿಗೂ ನೇರ ಪ್ರಸಾರವಾಯಿತು, ಆ ಮುದ್ರಣವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ರಂಗದಲ್ಲಿ ಹೆಚ್ಚೇನೂ ಇಲ್ಲ. ನೆಲದ ತುಂಬ ಉದುರಿದ ಎಲೆ, ಅಷ್ಟೆ. ಒನೇಗಿನ್ ಸೊಗಸುಗಾರ, ಎಲ್ಲದರಲ್ಲೂ ಬೇಸತ್ತವನು. ಪ್ರೀತಿಸಿ ಪತ್ರ ಬರೆದ ಹಳ್ಳಿಯ ಹುಡುಗಿ ಟಟ್ಯಾನಾಳಿಗೆ ಉಪದೇಶ ಮಾಡಿ ಕಳಿಸುತ್ತಾನೆ, ಸಣ್ಣ ಜಗಳಕ್ಕೆ ಗೆಳೆಯನನ್ನು ದ್ವಂದ್ವದಲ್ಲಿ ಕೊಲ್ಲುತ್ತಾನೆ. ಸಾಮಾನ್ಯವಾಗಿ ಇಲ್ಲಿ ಪರದೆ ಬೀಳುತ್ತದೆ. ಮುಂದಿನ ಅಂಕ ಕೆಲವು ವರ್ಷ ಕಳೆದ ಮೇಲೆ, ಪೀಟರ್ಸ್‌ಬರ್ಗ್‌ನ ನೃತ್ಯಕೂಟದಲ್ಲಿ, ಪೊಲೊನೇಸ್ ಎಂಬ ಪ್ರಸಿದ್ಧವಾದ ನೃತ್ಯದ ವಾದನದಿಂದ ಶುರುವಾಗುತ್ತದೆ. ಕಾರ್ಸೆನ್ ಪರದೆ ಬೀಳಿಸುವುದಿಲ್ಲ, ನರ್ತಕರನ್ನೂ ತರುವುದಿಲ್ಲ. ಹೆಣ ಬಿದ್ದ ಜಾಗದಲ್ಲೇ ಪೊಲೊನೇಸ್ ಮೊಳಗುತ್ತದೆ, ಆಳುಗಳು ಬಂದು ಒನೇಗಿನ್‌ನ ಬಟ್ಟೆ ಬದಲಿಸಿ ಕೂಟಕ್ಕೆ ಸಿಂಗರಿಸುತ್ತಾರೆ. ಅಷ್ಟು ಹೊತ್ತೂ ಹ್ವೊರೊಸ್ತೊವ್ಸ್ಕಿ ಹಾಡಲು ಒಂದು ಸ್ವರವೂ ಇಲ್ಲ. ಸುಮ್ಮನೆ ಸಿಂಗರಿಸಿಕೊಳ್ಳಬೇಕು. ವಾದ್ಯಗಳು ಸಂಭ್ರಮದಲ್ಲಿ ಕುಣಿಯುತ್ತಿದ್ದರೆ ಈ ಮನುಷ್ಯನ ಕಣ್ಣು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಆ ಸುಂದರವಾದ ಮೈ ಅಲ್ಲಿ ಬಟ್ಟೆ ತೊಡಿಸಲು ಇಟ್ಟ ಗೊಂಬೆಯಾಗುತ್ತದೆ. ಯಾವ ರೂಪಕ್ಕಾಗಿ ಪತ್ರಿಕೆಗಳು ಅವರನ್ನು ಹೊಗಳಿದ್ದವೋ ಅದೇ ರೂಪವನ್ನು ಅವರು ಪಾತ್ರದ ದೋಷವಾಗಿ ತೋರಿಸಿಬಿಟ್ಟರು. ನನ್ನ ಮಟ್ಟಿಗೆ ಅವರ ನಟನೆಯ ಅತ್ಯುತ್ತಮ ಗಳಿಗೆ ಅದು, ಬಾಯಿ ಮುಚ್ಚಿಕೊಂಡಿದ್ದ ಗಳಿಗೆ.

ಈಗ ಶಾರೀರಕ್ಕೆ. (ಇಲ್ಲಿ ಚೈಕೊವ್ಸ್ಕಿಯ ‘ಇಸ್ಪೀಟಿನ ರಾಣಿ’ ಒಪೆರಾದಿಂದ ರಾಜಕುಮಾರ ಯೆಲೆಟ್ಸ್ಕಿಯ ಹಾಡು ಕೇಳಿಸಿದೆ.) ಯೆಲೆಟ್ಸ್ಕಿ ಒಂದೇ ಹಾಡಿನ ಪಾತ್ರ. ತನ್ನನ್ನು ಪ್ರೀತಿಸದ ವಧುವಿಗೆ ‘ನಿನ್ನನ್ನು ಅಳತೆಯಿಲ್ಲದಷ್ಟು ಪ್ರೀತಿಸುತ್ತೇನೆ’ ಎಂದು ಹೇಳಿ ಬದಿಗೆ ಸರಿಯುವವನು. 1995ರಲ್ಲಿ ಮೆಟ್‌ನ ರಂಗಕ್ಕೆ ಹ್ವೊರೊಸ್ತೊವ್ಸ್ಕಿ ಮೊದಲು ಕಾಲಿಟ್ಟದ್ದು ಈ ಪಾತ್ರದಲ್ಲೇ. ಕೇಳುವಾಗ ಹಾಡನ್ನು ಬಿಟ್ಟು ಉಸಿರನ್ನು ಹಿಂಬಾಲಿಸಿ. ಸಾಲು ಮುಗಿಯಿತು, ಈಗ ಉಸಿರೆಳೆದುಕೊಳ್ಳುತ್ತಾರೆ ಎಂದು ನಮ್ಮ ಎದೆ ತಾನಾಗಿ ಸಿದ್ಧವಾಗುತ್ತದೆ. ಅವರು ಎಳೆದುಕೊಳ್ಳುವುದಿಲ್ಲ. ಸ್ವರವನ್ನು ಸಣ್ಣ ಮಾಡಿ, ಮುಂದಿನ ಸಾಲಿನ ಮೊದಲ ಪದದೊಳಕ್ಕೆ ದಾಟಿಸಿ, ಅಲ್ಲಿ ಮತ್ತೆ ಹಿಗ್ಗಿಸುತ್ತಾರೆ. ಸ್ವರದಿಂದ ಸ್ವರಕ್ಕೆ ಸಂದಿ ಕಾಣದಂತೆ ಸಾಗುವ ಇದಕ್ಕೆ ಇಟಲಿಯವರು ‘ಲೆಗಾಟೊ’ ಎನ್ನುತ್ತಾರೆ, ಕಟ್ಟಿದ್ದು ಎಂದರ್ಥ. ಧಾರವಾಡದ ಕಡೆ ಹಿಂದುಸ್ತಾನಿ ಕೇಳುವವರು ದಮ್‌ಸಾಸ್, ಅಂದರೆ ಉಸಿರಿನ ಹಿಡಿತ, ಎಂದು ತಲೆದೂಗುವ ವಿದ್ಯೆ ಇದಕ್ಕೆ ಹತ್ತಿರದ ನೆಂಟ. ಪ್ರೀತಿಯನ್ನು ಹೇಳಿಕೊಳ್ಳುತ್ತಿರುವವನು ಮಾತು ನಿಲ್ಲಿಸಿದರೆ ಅವಳು ಹೊರಟುಹೋಗುತ್ತಾಳೆ ಎಂಬ ಭಯ ಅಲ್ಲಿದೆ. ಆದ್ದರಿಂದಲೇ ಅದು ಕಸರತ್ತಾಗಿ ಕೇಳಿಸುವುದಿಲ್ಲ.

ಇನ್ನೊಂದು ಸಲ ಹಾಕುತ್ತೇನೆ, ಈಗ ಸ್ವರವನ್ನು ಬಿಟ್ಟು ಸಂದಿಗಳನ್ನು ಕೇಳಿ. ಕೇಳಿಸಿತೇ? ಸರ್ರನೆ ಗಾಳಿ ಒಳಗೆ ಹೋಗುವ ಸದ್ದು. ಮುಂದಿನ ಸಾಲಿನಲ್ಲಿ ಕೂತ ಅಮ್ಮನವರೊಬ್ಬರು ಬೆಚ್ಚಿದರು, ನಾನು ನೋಡಿದೆ. ಹ್ವೊರೊಸ್ತೊವ್ಸ್ಕಿ ಉಸಿರೆಳೆಯುವ ಸದ್ದು ದೊಡ್ಡದು, ಕೆಲವು ರಾತ್ರಿ ಸಭಾಂಗಣದ ದೂರದ ಸಾಲಿಗೂ ಮುಟ್ಟುವಂಥದು. ವಿಮರ್ಶಕರು ಇದನ್ನು ವರ್ಷಗಟ್ಟಲೆ ದೋಷದ ಪಟ್ಟಿಯಲ್ಲಿ ಬರೆದರು. ಅದೇ ವಿಮರ್ಶೆಯ ಮೇಲಿನ ಸಾಲಿನಲ್ಲಿ ಉಸಿರಿನ ಹಿಡಿತವನ್ನು ಹೊಗಳಿರುತ್ತಾರೆ. ಮೇಲೆ ಗುಣ, ಕೆಳಗೆ ದೋಷ, ನಡುವೆ ‘ಆದರೆ’. ನನಗೆ ಇದು ಬಾವಿಯ ನೀರು ತಂಪಾಗಿದೆ, ಆದರೆ ರಾಟೆ ಕಿರುಗುಟ್ಟುತ್ತದೆ ಎಂದು ಬರೆದಂತೆ ಕಾಣುತ್ತದೆ. ಅಷ್ಟು ಆಳದಿಂದ ಎತ್ತಬೇಕಾದರೆ ರಾಟೆ ತಿರುಗಲೇಬೇಕು. ಅಷ್ಟು ಸದ್ದು ಬೇಕಿರಲಿಲ್ಲ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸದ್ದಿಲ್ಲದೆ ಉಸಿರೆಳೆಯುವ ಗಾಯಕರು ಬೇಕಾದಷ್ಟು ಜನ ಇದ್ದಾರೆ. ಆದರೆ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಬರೆದ ವಿಮರ್ಶೆ ಸಿಕ್ಕರೆ ಅದನ್ನು ಬರೆದವನು ನಿಜವಾಗಿ ಕೇಳಿದ್ದಾನೆ ಎಂದು ನಂಬುತ್ತೇನೆ.

ಗಂಭೀರವಾದ ತಕರಾರು ಇನ್ನೊಂದಿತ್ತು. ಈ ಧ್ವನಿ ವೆರ್ದಿಗೆ ಸಾಲದು, ರೇಷ್ಮೆಯಿದೆ, ಉಕ್ಕಿಲ್ಲ ಎಂಬುದು. ಅದರಲ್ಲಿ ನಿಜವಿತ್ತು. ನಡುವಯಸ್ಸಿನಲ್ಲಿ ಅವರು ಭಾರದ ಪಾತ್ರಗಳಿಗೆ ಹೋದಾಗ ಧ್ವನಿಯನ್ನು ಬೇಕೆಂದೇ ಕಪ್ಪಾಗಿಸಿ, ದಪ್ಪವಾಗಿಸಿ ಹಾಡಿದ ಜಾಗಗಳಿವೆ. ಅಲ್ಲಿ ಸ್ವರ ತನ್ನ ಹೊಳಪನ್ನು ಕಳೆದುಕೊಂಡು ಮಂಕಾಗುತ್ತದೆ. ನನಗೆ ಅವರ ರಿಗೊಲೆಟ್ಟೊ ಪೂರ್ತಿ ಒಗ್ಗಿದ್ದಿಲ್ಲ, ಕೋಪದ ಸಾಲುಗಳಲ್ಲಿ ತಳ್ಳುತ್ತಾರೆ. ವೆರ್ದಿಯ ‘ಸಿಮೊನ್ ಬೊಕ್ಕನೆಗ್ರ’ದಲ್ಲಿ ಮಾತ್ರ, ಕಳೆದುಹೋದ ಮಗಳನ್ನು ತಂದೆ ಗುರುತಿಸುವ ದೃಶ್ಯ ಬಂದಾಗ, ಈ ತಕರಾರು ನೆನಪಿಗೇ ಬರುವುದಿಲ್ಲ.

ಇಷ್ಟೆಲ್ಲ ಪೀಠಿಕೆ ಒಂದು ರಾತ್ರಿಗಾಗಿ.

2015ರ ಜೂನ್‌ನಲ್ಲಿ ಅವರ ಮಿದುಳಿನಲ್ಲಿ ಗೆಡ್ಡೆಯಿದೆ ಎಂಬ ಸುದ್ದಿ ಹೊರಬಂತು. ಬೇಸಗೆಯ ಕಾರ್ಯಕ್ರಮಗಳು ರದ್ದಾದವು. ಧ್ವನಿಗೆ ಏನೂ ಆಗಿಲ್ಲ, ಮೈಯ ಸಮತೋಲ ಮಾತ್ರ ತಪ್ಪುತ್ತಿದೆ ಎಂದು ತಿಳಿಸಿದ್ದರು. ಚಿಕಿತ್ಸೆಯ ನಡುವೆ ಬಿಡುವು ಮಾಡಿಕೊಂಡು, ಸೆಪ್ಟೆಂಬರ್ 25ರಂದು ಮೆಟ್‌ನಲ್ಲಿ ವೆರ್ದಿಯ ‘ಇಲ್ ತ್ರೊವಾತೊರೆ’ಯ ಕೌಂಟ್ ಲೂನಾ ಆಗಿ ರಂಗಕ್ಕೆ ಬಂದರು. ಲಿಯೊನೋರಾ ಆಗಿ ಆನ್ನಾ ನೆಟ್ರೆಬ್ಕೊ. ಇದೇ ನೆಟ್ರೆಬ್ಕೊ 2002ರಲ್ಲಿ ಮೆಟ್‌ಗೆ ಮೊದಲು ಬಂದದ್ದು ‘ಯುದ್ಧ ಮತ್ತು ಶಾಂತಿ’ ಒಪೆರಾದ ನತಾಶಾ ಆಗಿ, ಆಗ ಪ್ರಿನ್ಸ್ ಆಂದ್ರೇ ಪಾತ್ರದಲ್ಲಿದ್ದವರು ಹ್ವೊರೊಸ್ತೊವ್ಸ್ಕಿ.

ಲೂನಾ ಖಳ. ತನ್ನನ್ನು ಒಲ್ಲದ ಲಿಯೊನೋರಾಗಾಗಿ ಹಾಡುಗಾರನೊಬ್ಬನನ್ನು ಬೇಟೆಯಾಡುವವನು, ಅವನು ತನ್ನ ತಮ್ಮನೆಂದು ಅರಿಯದೆ ಕೊಲ್ಲಿಸುವವನು. ಮೊದಲ ಅಂಕದಲ್ಲಿ ರಾತ್ರಿಯ ತೋಟಕ್ಕೆ ಅವನ ಪ್ರವೇಶ. ಅಂದು ಲೂನಾ ಕಾಣಿಸಿದ್ದೇ ತಡ ಸಭೆ ಎದ್ದು ಚಪ್ಪಾಳೆ ಹೊಡೆಯಿತು, ನಿಲ್ಲಿಸಲೇ ಇಲ್ಲ. ವಾದ್ಯವೃಂದ ಕಾಯಬೇಕಾಯಿತು. ಕ್ಷಣ ಹೊತ್ತು ಅವರು ಪಾತ್ರದಿಂದ ಹೊರಬಂದು ಎದೆ ಮುಟ್ಟಿಕೊಂಡು ನಕ್ಕರು, ಮತ್ತೆ ಒಳಗೆ ಹೋದರು.

ಎರಡನೇ ಅಂಕದಲ್ಲಿ ‘ಇಲ್ ಬಾಲೆನ್’ ಎಂಬ ಹಾಡು ಬರುತ್ತದೆ. ಅವಳ ನಗೆಯ ಮಿಂಚು ನಕ್ಷತ್ರದ ಕಿರಣವನ್ನು ಮೀರಿಸುತ್ತದೆ ಎಂದು ಲೂನಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾನೆ. ಖಳನ ಬಾಯಲ್ಲಿ ಇಡೀ ಒಪೆರಾದ ಅತ್ಯಂತ ಕೋಮಲವಾದ ರಾಗವನ್ನು ವೆರ್ದಿ ಇಟ್ಟಿದ್ದಾರೆ. ಗತಿ ನಿಧಾನ, ಸಾಲು ಉದ್ದ, ನೆಲೆ ಮೇಲಿನದು. ಬ್ಯಾರಿಟೋನ್‌ಗಳು ಇದಕ್ಕೆ ಹೆದರುತ್ತಾರೆ, ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. (ಅಕ್ಟೋಬರ್ 3ರಂದು ಚಿತ್ರಮಂದಿರಗಳಿಗೆ ಪ್ರಸಾರವಾದ ಪ್ರದರ್ಶನದ ತುಣುಕನ್ನು ಇಲ್ಲಿ ತೋರಿಸಿದೆ. ಪ್ರೊಜೆಕ್ಟರ್ ಎರಡು ಸಲ ಕೈಕೊಟ್ಟದ್ದರಿಂದ ಮೊದಲ ಸಾಲನ್ನು ಮೂರು ಬಾರಿ ಕೇಳಿದೆವು. ಒಳ್ಳೆಯದೇ ಆಯಿತು.) ಅವರು ಹೆಚ್ಚು ಓಡಾಡುವುದಿಲ್ಲ. ಮೊದಲ ಎರಡು ಸಾಲು ಮೆಲ್ಲನೆ ಬರುತ್ತವೆ. ‘ನನ್ನ ಎದೆಯ ಬಿರುಗಾಳಿ’ ಎಂಬಲ್ಲಿ ಸ್ವರ ಮೇಲೇರುತ್ತದೆ. ಬೇರೆ ಗಾಯಕರು ಅಲ್ಲಿ ಬಿರುಗಾಳಿಯನ್ನೇ ಹಾಡಿಬಿಡುತ್ತಾರೆ. ಇವರು ಆ ಎತ್ತರದಲ್ಲೂ ಸಾಲನ್ನು ಮುರಿಯದೆ, ಗಾಳಿ ಅಡಗಲಿ ಎಂದು ಬೇಡುವವನಂತೆ ಕೆಳಗಿಳಿಯುತ್ತಾರೆ. ಹಾಡಿನ ಅರ್ಥವೂ ಅದೇ, ಅವಳ ಒಂದು ನೋಟದ ಬಿಸಿಲು ನನ್ನ ಬಿರುಗಾಳಿಯನ್ನು ಚದುರಿಸಲಿ ಎಂದು.

ಸೆಪ್ಟೆಂಬರ್ 25ರ ಆ ರಾತ್ರಿ ನಾಟಕ ಮುಗಿದಾಗ ವಾದ್ಯದವರಲ್ಲಿ ಬಹಳ ಮಂದಿ ಮನೆಗೆ ಹೊರಡದೆ ತಮ್ಮ ತಗ್ಗಿನಲ್ಲೇ ಉಳಿದಿದ್ದರು. ಸಾಮಾನ್ಯವಾಗಿ ಕೊನೆಯ ಸ್ವರ ಆರುವ ಮೊದಲೇ ಅವರು ವಾದ್ಯ ಪೆಟ್ಟಿಗೆಗೆ ಹಾಕುತ್ತಾರೆ, ರೈಲು ಹಿಡಿಯಬೇಕಲ್ಲ. ಅಂದು ನಿಂತು, ಕೆಳಗಿನಿಂದ ರಂಗದ ಮೇಲಕ್ಕೆ ಬಿಳಿ ಗುಲಾಬಿಗಳನ್ನು ಎಸೆದರು. ಹೂವು ಬಂದದ್ದು ಪ್ರೇಕ್ಷಕರಿಂದಲ್ಲ, ಜೊತೆಯಲ್ಲಿ ದುಡಿಯುವವರಿಂದ ಎಂಬುದನ್ನು ಗಮನಿಸಿ. ಮೂರು ಪ್ರದರ್ಶನ ಹಾಡಿ ಅವರು ಚಿಕಿತ್ಸೆಗೆ ಲಂಡನ್ನಿಗೆ ಮರಳಿದರು.

ಮೊದಲ ರಾತ್ರಿಯ ಮರುದಿನದ ವಿಮರ್ಶೆಗಳಲ್ಲಿ ಮನತುಂಬಿದ ಹೊಗಳಿಕೆಯಿತ್ತು. ಇಲ್ಲೇ ನನ್ನ ಸಂಕಟ ಶುರುವಾಗುವುದು. ಹೊಗಳಿದ್ದು ಹಾಡನ್ನೋ, ರೋಗದೆದುರು ನಿಂತ ಧೈರ್ಯವನ್ನೋ? ಎರಡನ್ನೂ ಬಿಡಿಸಿ ತೂಗಲು ತಕ್ಕಡಿ ಎಲ್ಲಿದೆ? ಸಭೆಗೆ ಗೊತ್ತಿತ್ತು, ವಾದ್ಯದವರಿಗೆ ಗೊತ್ತಿತ್ತು, ವಿಮರ್ಶಕರಿಗೂ ಗೊತ್ತಿತ್ತು. ಗೊತ್ತಿದ್ದವರ ಕಿವಿ ಬೇರೆಯೇ ಆಗಿರುತ್ತದೆ. ಅನುಮಾನ ಬಂದಾಗ ನಾನು ಮಾಡುವುದಿಷ್ಟೇ: ಪ್ರಸಾರದ ಆ ತುಣುಕನ್ನು ಏನೂ ತಿಳಿಯದ ಗೆಳೆಯನಿಗೆ ಕೇಳಿಸುತ್ತೇನೆ. ಹೆಸರು ಹೇಳುವುದಿಲ್ಲ, ಚಿತ್ರ ತೋರಿಸುವುದಿಲ್ಲ. ಹೋದ ವಾರ ಒಬ್ಬ ಮೃದಂಗದವರಿಗೆ ಕೇಳಿಸಿದೆ. ‘ಈ ಮನುಷ್ಯ ಆರೋಗ್ಯವಂತ, ಎದೆಯಲ್ಲಿ ಬೇಕಾದಷ್ಟು ಜಾಗವಿದೆ’ ಎಂದರು.

ಈ ಪ್ರಶ್ನೆಗೆ ಒಂದು ಹಳೆಯ ಮಗ್ಗುಲಿದೆ. ಇದೇ ಕೌಂಟ್ ಲೂನಾ, ಅರ್ಧ ಶತಮಾನ ಹಿಂದೆ.

ಎತ್ತೊರೆ ಬಾಸ್ತಿಯಾನಿನಿ. 1922ರಲ್ಲಿ ಸಿಯೆನಾದಲ್ಲಿ ಹುಟ್ಟಿದವರು. ಬಾಸ್ ಆಗಿ ಹಾಡಲು ಶುರುಮಾಡಿ, ಐವತ್ತರ ದಶಕದ ಮೊದಲಲ್ಲಿ ಬ್ಯಾರಿಟೋನ್‌ಗೆ ಹೊರಳಿದವರು. ಇಟಲಿಯವರು ಈ ಧ್ವನಿಗೆ ಕೊಟ್ಟ ಬಿರುದು ಏನು ಗೊತ್ತೇ? ಕಂಚು ಮತ್ತು ಮಖಮಲ್ಲು. ಹೌದು, ನಮ್ಮದೇ ಕಂಚು! ಓದಿದ ದಿನ ನಾನು ಆ ದುರ್ಯೋಧನನನ್ನು ನೆನೆದು ಒಬ್ಬನೇ ನಕ್ಕೆ. ಆದರೆ ಇಲ್ಲಿ ಎರಡನೆಯ ಪದ ಕೆಲಸ ಮಾಡುತ್ತಿದೆ. ಕಂಚು ಗಟ್ಟಿ, ಮಖಮಲ್ಲು ಮೆತ್ತಗೆ, ಎರಡೂ ಒಂದೇ ಗಂಟಲಿನಲ್ಲಿ ಹೇಗೆ ಎಂಬ ಕುತೂಹಲವನ್ನು ಅದು ಹುಟ್ಟಿಸುತ್ತದೆ. 1962ರ ಬೇಸಗೆಯಲ್ಲಿ ಸಾಲ್ಸ್‌ಬುರ್ಗ್‌ನಲ್ಲಿ ಸಂಗೀತ ನಿರ್ದೇಶಕ ಕರಾಯನ್ ನಡೆಸಿದ ‘ಇಲ್ ತ್ರೊವಾತೊರೆ’ಯ ಮುದ್ರಣವಿದೆ. ಲಿಯೊಂಟಿನ್ ಪ್ರೈಸ್, ಫ್ರಾಂಕೊ ಕೊರೆಲ್ಲಿ, ಜ್ಯುಲಿಯೆತ್ತಾ ಸಿಮಿಯೊನಾತೊ, ಜೊತೆಗೆ ಲೂನಾ ಆಗಿ ಬಾಸ್ತಿಯಾನಿನಿ. ಕಂಚೂ ಇದೆ, ಮಖಮಲ್ಲೂ ಇದೆ, ಕೇಳಿ ನೋಡಿ.

ಆ ವರ್ಷದ ಸುಮಾರಿಗೇ ಅವರಿಗೆ ಗಂಟಲಿನ ಕ್ಯಾನ್ಸರ್ ಇರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯಾದರೆ ಧ್ವನಿ ಹೋಗುತ್ತದೆ. ಬೇಡವೆಂದು ವಿಕಿರಣ ಚಿಕಿತ್ಸೆ ತೆಗೆದುಕೊಂಡರು. ತೀರಾ ಹತ್ತಿರದವರ ಹೊರತು ಯಾರಿಗೂ ಹೇಳಲಿಲ್ಲ, ಹಾಡುವುದನ್ನೂ ನಿಲ್ಲಿಸಲಿಲ್ಲ. ಧ್ವನಿ ಸವೆಯುತ್ತಾ ಬಂತು. ವಿಮರ್ಶಕರು ಅದನ್ನು ಕೇಳಿದರು, ಕೇಳಿದ್ದನ್ನು ಬರೆದರು: ಧ್ವನಿ ಇಳಿದಿದೆ, ಸ್ವರ ಭದ್ರವಾಗಿಲ್ಲ, ಹಳೆಯ ಬಾಸ್ತಿಯಾನಿನಿ ಇವರಲ್ಲ. ಯಾವ ವಾದ್ಯವೃಂದವೂ ಅವರಿಗಾಗಿ ಗುಲಾಬಿ ಹಿಡಿದು ಕಾಯಲಿಲ್ಲ, ಏಕೆಂದರೆ ಕಾಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ. 1965ರ ಡಿಸೆಂಬರ್ 11ರಂದು ಮೆಟ್‌ನ ಹಳೆಯ ಕಟ್ಟಡದಲ್ಲಿ ಕೊನೆಯ ಬಾರಿ ಹಾಡಿದರು. 1967ರ ಜನವರಿಯಲ್ಲಿ ತೀರಿಕೊಂಡಾಗ ವಯಸ್ಸು 44. ರೋಗದ ಸಂಗತಿ ಬಹುಮಂದಿಗೆ ತಿಳಿದದ್ದೇ ಆಗ.

ಒಬ್ಬರ ವಿಷಯದಲ್ಲಿ ತಿಳಿದು ಹೊಗಳಿದರು, ಇನ್ನೊಬ್ಬರ ವಿಷಯದಲ್ಲಿ ತಿಳಿಯದೆ ತೆಗಳಿದರು. ಬಾಸ್ತಿಯಾನಿನಿಯ ವಿಮರ್ಶಕರನ್ನು ಕಟುಕರೆನ್ನಲು ನನಗೆ ಮನಸ್ಸಾಗುವುದಿಲ್ಲ. ಬಾಸ್ತಿಯಾನಿನಿ ರೋಗವನ್ನು ಮುಚ್ಚಿಟ್ಟದ್ದೇ ತನ್ನನ್ನು ಗಾಯಕನಾಗಿ ತೂಗಲಿ, ರೋಗಿಯಾಗಿ ಅಲ್ಲ ಎಂದು. ವಿಮರ್ಶಕರು ಆ ಕೋರಿಕೆಯನ್ನು, ತಮಗೇ ಗೊತ್ತಿಲ್ಲದೆ, ನಡೆಸಿಕೊಟ್ಟರು. ಹ್ವೊರೊಸ್ತೊವ್ಸ್ಕಿ ಎಲ್ಲವನ್ನೂ ಹೇಳಿಯೇ ರಂಗಕ್ಕೆ ಬಂದರು. ಅದೂ ಧೈರ್ಯವೇ. ಆದರೆ ಅದಕ್ಕೆ ಅವರೂ ಬೆಲೆ ತೆತ್ತರು. ಆಮೇಲೆ ಅವರ ಯಾವ ಸ್ವರವನ್ನೂ ಯಾರೂ ಬರಿಯ ಸ್ವರವಾಗಿ ಕೇಳಲಿಲ್ಲ.

2016ರ ಡಿಸೆಂಬರ್‌ನಲ್ಲಿ ಇನ್ನು ಒಪೆರಾ ರಂಗದ ಮೇಲೆ ಬರಲಾರೆ, ನಿಲ್ಲಲು ಸಮತೋಲ ಸಾಲದು ಎಂದು ತಿಳಿಸಿದರು. 2017ರ ಮೇ 7ರಂದು ಮೆಟ್‌ನ ಹೊಸ ಕಟ್ಟಡಕ್ಕೆ ಐವತ್ತು ತುಂಬಿದ ಸಮಾರಂಭ. ಬಾಸ್ತಿಯಾನಿನಿ ಕೊನೆಯ ಸಲ ಹಾಡಿದ ಕಟ್ಟಡವನ್ನು ಬಿಟ್ಟು ಬಂದ ಐವತ್ತು ವರ್ಷ ಎಂದೂ ಹೇಳಬಹುದು. ಆಹ್ವಾನದಲ್ಲಿ ಹೆಸರಿರಲಿಲ್ಲ, ಇದ್ದಕ್ಕಿದ್ದಂತೆ ಹ್ವೊರೊಸ್ತೊವ್ಸ್ಕಿ ಬಂದರು. ಹಾಡಿದ್ದು ರಿಗೊಲೆಟ್ಟೊ: ಮಗಳನ್ನು ಕದ್ದೊಯ್ದ ಆಸ್ಥಾನಿಕರ ಮೇಲೆ ಮೊದಲು ಸಿಡಿದು, ಬಾಗಿಲು ತೆರೆಯದಾಗ ಕುಸಿದು, ಕೊನೆಗೆ ‘ಒಡೆಯರೇ, ಕ್ಷಮಿಸಿ, ಕರುಣೆ ತೋರಿ’ ಎಂದು ಬೇಡುವ ಹಾಡು. ಅವರ ರಿಗೊಲೆಟ್ಟೊ ನನಗೆ ಒಗ್ಗದು ಎಂದೆನಲ್ಲ, ಅಂದಿನ ಕೋಪದ ಭಾಗದಲ್ಲೂ ಅದೇ ತಳ್ಳಾಟವಿದೆ. ಬೇಡುವ ಭಾಗದಲ್ಲಿ ಚೆಲ್ಲೊ ಎಂಬ ತಂತಿವಾದ್ಯ ಅವರ ಜೊತೆ ಮಿಡಿಯತೊಡಗಿದಾಗ ಮತ್ತೆ ಆ ಉದ್ದನೆಯ ಸಾಲು, ಹಳೆಯ ಉಸಿರು. ಅಲ್ಲಿ ನಾನು 3,800 ಜನರ ಜೊತೆ ಸೇರಿಬಿಡುತ್ತೇನೆ, ತಕ್ಕಡಿ ಕೆಳಗಿಡುತ್ತೇನೆ. ಅದೇ ವರ್ಷ ನವೆಂಬರ್ 22ರಂದು ಲಂಡನ್ನಿನಲ್ಲಿ ಅವರು ತೀರಿಕೊಂಡರು. ವಯಸ್ಸು 55.

ರೊದ್ರಿಗೊನ ಹಾಡನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ಅವನು ಗೆಳೆಯನನ್ನು ಉಳಿಸಲು ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಸೆರೆಮನೆಗೆ ಬಂದಿದ್ದಾನೆ. ‘ನನ್ನ ಕೊನೆಯ ದಿನ ಬಂತು’ ಎಂದು ಹಾಡುತ್ತಾನೆ, ಗುಂಡು ಬೀಳುತ್ತದೆ, ಬಿದ್ದ ಮೇಲೆ ಇನ್ನೊಂದು ಹಾಡು. ಸಾಯುತ್ತಿರುವವನ ಹಾಡಿಗೆ ವೆರ್ದಿ ಕೇಳುವುದು ಆರೋಗ್ಯವಂತನ ಉಸಿರನ್ನು. 26ರ ಹುಡುಗ ಕಾರ್ಡಿಫ್‌ನಲ್ಲಿ ಅದನ್ನು ಹಾಡಿ ಗೆದ್ದರು. 1965ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಬಾಸ್ತಿಯಾನಿನಿಯ ಕೊನೆಯ ಪಾತ್ರವೂ ರೊದ್ರಿಗೊನೇ.

ಮಾತು ಮುಗಿದ ಮೇಲೆ, ಉಸಿರಿನ ಸದ್ದಿಗೆ ಬೆಚ್ಚಿದ್ದ ಅಮ್ಮನವರೇ ಎದ್ದು ಕೇಳಿದರು: ‘ಬಾಸ್ತಿಯಾನಿನಿ ಕೊನೆಯ ಸಲ ಹಾಡಿದ ಆ ದಿನ ನೀವು ಅಲ್ಲಿದ್ದಿದ್ದರೆ, ಏನೂ ಗೊತ್ತಿಲ್ಲದೆ, ಏನು ಬರೆಯುತ್ತಿದ್ದಿರಿ?’

ಧ್ವನಿ ಸವೆದಿದೆ ಎಂದೇ ಬರೆಯುತ್ತಿದ್ದೆ, ಯಾವ ಸಾಲಿನಲ್ಲಿ ಎಂದೂ ಬರೆಯುತ್ತಿದ್ದೆ ಎಂದೆ. ಹದಿಮೂರು ತಿಂಗಳ ಮೇಲೆ ಸಾವಿನ ಸುದ್ದಿ ಬಂದಾಗ ಕತ್ತರಿಸಿಟ್ಟ ಆ ವಿಮರ್ಶೆಯನ್ನು ತೆಗೆದು ಓದುತ್ತಿದ್ದೆ. ಓದಿ ಮತ್ತೆ ಅದೇ ಕಡತದಲ್ಲಿ ಇಡುತ್ತಿದ್ದೆ. ಅಮ್ಮನವರು ‘ನಾನಾಗಿದ್ದರೆ ಹರಿದು ಹಾಕುತ್ತಿದ್ದೆ’ ಎಂದರು.